ಮಂಡಾಲೆಯ ಅರಸರು

“ಮಂಡಾಲೆಯಲ್ಲಿ ಸೆರೆಮನೆಯೊಂದೇ ಇತ್ತೇ, ಸಾರ್?” ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಲೋಕಮಾನ್ಯ ತಿಲಕರು ಅಲ್ಲಿ ಸೆರೆಯಲ್ಲಿದ್ದು ‘ಗೀತಾರಹಸ್ಯ’ವನ್ನು ಬರೆದರೆಂದೂ, ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರೆಂದೂ ಹೇಳಿ ಮುಗಿಸಿದ್ದೆ. ನಮ್ಮಲ್ಲಿ ಬಹುಮಂದಿಗೆ ಮಂಡಾಲೆಯೆಂದರೆ ಅಷ್ಟೇ ಅಲ್ಲವೆ? ನನಗೂ ಒಡನೆಯೇ ಉತ್ತರ ಹೊಳೆಯಲಿಲ್ಲ.

ಆ ಸೆರೆಮನೆಯಿದ್ದುದು ಅರಮನೆಯ ಕೋಟೆಯೊಳಗೆ. ಕೋಟೆಯನ್ನು ಕಟ್ಟಿಸಿದವನು ಬರ್ಮಾದ, ಎಂದರೆ ಈಗಿನ ಮ್ಯಾನ್ಮಾರಿನ, ದೊರೆ ಮಿಂಡೊನ್. 1853ರಲ್ಲಿ ಅವನು ಪಟ್ಟಕ್ಕೆ ಬರುವ ಹೊತ್ತಿಗೆ ದೇಶದ ಕಡಲಂಚೆಲ್ಲ ಇಂಗ್ಲಿಷರ ಪಾಲಾಗಿತ್ತು. ಉಳಿದ ಒಳನಾಡಿಗೆ ಮಂಡಾಲೆಯೆಂಬ ಹೊಸ ರಾಜಧಾನಿಯನ್ನು ಕಟ್ಟಿ, ಅಲ್ಲಿ ತ್ರಿಪಿಟಕವನ್ನು ಸಮಗ್ರವಾಗಿ ಅಮೃತಶಿಲೆಯಲ್ಲಿ ಕೊರೆಯಿಸಿದನು. 729 ಶಿಲಾಫಲಕಗಳು, ಎರಡೂ ಮಗ್ಗುಲಲ್ಲಿ ಬರಹ, ಒಂದೊಂದಕ್ಕೂ ಒಂದೊಂದು ಪುಟ್ಟ ಗುಡಿ, ಅಕ್ಷರಗಳಿಗೆ ಚಿನ್ನದ ಲೇಪ. 1860ರಲ್ಲಿ ತೊಡಗಿದ ಕೆಲಸ 1868ಕ್ಕೆ ಮುಗಿಯಿತು. ನಮ್ಮ ವಿದ್ಯಾರಣ್ಯಪುರಕ್ಕೆ ಸಮೀಪದ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನ ಕೆಲವೇ ಸಾಲುಗಳಿಗೆ ನಾವು ಪಂಡಿತರು ಎಷ್ಟು ಸಂಭ್ರಮಪಡುತ್ತೇವೆ! ಅಲ್ಲಿ ಕಲ್ಲಿನದೇ ಒಂದು ಗ್ರಂಥಭಂಡಾರ.

1878ರಲ್ಲಿ ಅವನ ಮಗ ಥೀಬಾ ದೊರೆಯಾದನು. ಪಾಲಿ ಶಾಸ್ತ್ರಗಳನ್ನು ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ತರುಣ. ಮರುವರ್ಷವೇ ಅರಮನೆಯಲ್ಲಿ ರಾಜಬಂಧುಗಳ ಕೊಲೆಯಾಯಿತು. ಆ ಕಳಂಕ ಅವನ ಹೆಸರಿಗೆ ಅಂಟಿತು. ತೇಗದ ಮರದ ಕಂಪನಿಯೊಂದಕ್ಕೆ ವಿಧಿಸಿದ ದಂಡವೇ ನೆಪವಾಗಿ, 1885ರ ನವೆಂಬರಿನಲ್ಲಿ ಇಂಗ್ಲಿಷರು ಮಂಡಾಲೆಯನ್ನು ಹಿಡಿದರು. ಕಲ್ಲಿನ ಗ್ರಂಥದ ಬಯಲಲ್ಲಿ ಸೈನ್ಯ ಬೀಡುಬಿಟ್ಟಿತು. ಅಕ್ಷರದ ಚಿನ್ನ ಹೋಯಿತು. ಅಕ್ಷರ ಕಲ್ಲಿನಲ್ಲಿ ಉಳಿಯಿತು.

ಥೀಬಾನನ್ನೂ ರಾಣಿ ಸುಪಯಾಲತಳನ್ನೂ ಮೊದಲು ಮದರಾಸಿಗೆ, 1886ರಲ್ಲಿ ರತ್ನಾಗಿರಿಗೆ ಸಾಗಿಸಿದರು. ನಮ್ಮ ಧಾರವಾಡ, ಬೆಳಗಾವಿ, ಕಾರವಾರಗಳಂತೆ ರತ್ನಾಗಿರಿಯೂ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಹುಕಾಲ ಅವರಿವರ ಬಂಗಲೆಗಳಲ್ಲಿದ್ದ ಅರಸನಿಗೆ ಸಮುದ್ರ ಕಾಣುವ ಗುಡ್ಡದ ಮೇಲೊಂದು ಅರಮನೆ ಸಿದ್ಧವಾದುದು 1910ರಲ್ಲಿ. ಇಲ್ಲಿಯೇ ಒಂದು ವಿಚಿತ್ರವಿದೆ. ತಿಲಕರು ಹುಟ್ಟಿದ ಊರು ರತ್ನಾಗಿರಿ. 1908ರಿಂದ 1914ರವರೆಗೆ ರತ್ನಾಗಿರಿಯವರು ಮಂಡಾಲೆಯಲ್ಲಿ ಬಂದಿ, ಮಂಡಾಲೆಯವನು ರತ್ನಾಗಿರಿಯಲ್ಲಿ ಬಂದಿ; ಇಬ್ಬರಿಗೂ ಕಾವಲು ಒಂದೇ ಸರಕಾರದ್ದು. ದಿಲ್ಲಿಯ ಬಹದ್ದೂರ್ ಷಾ 1862ರಲ್ಲಿ ಕಣ್ಣು ಮುಚ್ಚಿದ್ದು ರಂಗೂನಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ತಿಲಕರು ಶಿಕ್ಷೆ ಮುಗಿಸಿ ಹಿಂದಿರುಗಿದರು. ಮರುವರ್ಷ ಅವರ ಗ್ರಂಥ ಅಚ್ಚಾಯಿತು. ಥೀಬಾನ ಶಿಕ್ಷೆಗೆ ಅವಧಿಯೆಂಬುದೇ ಇರಲಿಲ್ಲ. 1916ರ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ರಾಣಿಗೆ 1919ರಲ್ಲಿ ಸ್ವದೇಶಕ್ಕೆ ಮರಳುವ ಅಪ್ಪಣೆ ದೊರೆಯಿತು. ರಂಗೂನಿನಲ್ಲಿದ್ದು 1925ರಲ್ಲಿ ಅಲ್ಲಿಯೇ ತೀರಿಕೊಂಡಳು.

ಮರುದಿನ ಹುಡುಗನಿಗೆ ಇಷ್ಟನ್ನೂ ಹೇಳಿದೆ. “ಹಾಗಾದರೆ ಆ ಅರಸ ಊರಿಗೆ ವಾಪಸು ಹೋಗಲೇ ಇಲ್ಲವೆ?” ಎಂದ.

ಇಲ್ಲ. ಅವನ ಸಮಾಧಿ ರತ್ನಾಗಿರಿಯಲ್ಲಿಯೇ ಇದೆ.