ತುದಿ ಮಡಚಿದ ತಗಡು

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಊರಲ್ಲಿ ಬಿಇ ಮಾಡಿದೋರೆಲ್ಲ ಒಂದೇ. ಮೋಟಾರು ಸುಟ್ಟರೂ ನನ್ನನ್ನೇ ಕೇಳ್ತಾರೆ, ಗೋಡೆ ಬಿರುಕು ಬಿಟ್ಟರೂ ನನ್ನನ್ನೇ. ಹಾಗಾಗಿ ತಿಪಟೂರು ಹತ್ತಿರದ ನಮ್ಮೂರಲ್ಲಿ ಅಪ್ಪ ಕೊಬ್ಬರಿ ಶೆಡ್ ಹಾಕಿಸೋವಾಗ ಮೂರು ಕೊಟೇಶನ್ ವಾಟ್ಸಾಪಲ್ಲಿ ಕಳಿಸಿದ್ರು. ನಾನು ಬೆಂಗಳೂರಲ್ಲಿ ಕೂತು ಎಕ್ಸೆಲ್‌ಗೆ ಹಾಕಿ, ಕಡಿಮೆ ರೇಟಿನದಕ್ಕೆ ಓಕೆ ಅಂದೆ.

ಮಾಲು ಬಂದಿಳಿದ ದಿನ ಅಪ್ಪ ಒಂದು ಪರ್ಲಿನ್‌ನ ತುದಿಯನ್ನ ಒಂದೇ ಕೈಲಿ ಎತ್ತಿ, "ಇದೇನ್ಲಾ, ತಗಡು ಬಗ್ಸಿ ತೊಲೆ ಅಂತಾವ್ರೆ. ಗಾಳಿಗೆ ನಿಲ್ತೈತಾ?" ಅಂದ್ರು. "ಈಗೆಲ್ಲಾ ಇದೇ ಅಪ್ಪಾ" ಅಂದೆ. ಎರಡನೇ ಬೇಸಿಗೆಯ ಗಾಳಿಮಳೆಗೆ ಸೂರು ಎದ್ದು ತೋಟದಲ್ಲಿ ಬಿತ್ತು. ಅರ್ಧ ಗಂಟೆ ಮುಂಚೆ ಅಮ್ಮ ಅದರ ಕೆಳಗೇ ಕೊಬ್ಬರಿ ಆರಿಸ್ತಾ ಕೂತಿದ್ದರು.

ಆಮೇಲೆ ನಾನು ಓದೋಕೆ ಶುರು ಮಾಡಿದ್ದು.

ಅಪ್ಪ ಕೇಳಿದ ಪ್ರಶ್ನೆಯನ್ನೇ ಒಂದು ಕಾಲಕ್ಕೆ ಅಮೆರಿಕದ ಕಟ್ಟಡ ಅಧಿಕಾರಿಗಳೂ ಕೇಳಿದ್ದರು. ದಪ್ಪ ತೊಲೆಗಳನ್ನ ಕೆಂಪಗೆ ಕಾಯಿಸಿ ರೋಲ್ ಮಾಡ್ತಾರೆ. ತೆಳು ತಗಡನ್ನ ಮಾತ್ರ ಕಾಯಿಸದೆ, ಹಾಗೇ ತಣ್ಣಗಿರುವಾಗಲೇ ಮಡಚಿ ಸಿ, ಜೆಡ್ ಆಕಾರಕ್ಕೆ ತರ್ತಾರೆ. ಇದೇ ಕೋಲ್ಡ್ ಫಾರ್ಮ್ಡ್ ಸ್ಟೀಲ್. ಕಟ್ಟಡಗಳಲ್ಲಿ 1850ರ ದಶಕದಿಂದಲೇ ಅಲ್ಲಲ್ಲಿ ಬಳಕೆಯಲ್ಲಿತ್ತು. ಆದರೆ ಲೆಕ್ಕ ಹಾಕೋ ನಿಯಮ ಇರಲಿಲ್ಲ, ಹಾಗಾಗಿ ಒಪ್ಪಿಗೆ ಸಿಗೋದು ಕಷ್ಟ. ದಪ್ಪ ಉಕ್ಕಿನ ನಿಯಮ ಇದಕ್ಕೆ ಹೊಂದಲ್ಲ. ಯಾಕಂದ್ರೆ ಅಗಲವಾದ ತೆಳು ತಗಡು, ಉಕ್ಕಿನ ಪೂರ್ತಿ ಶಕ್ತಿ ಖರ್ಚಾಗೋ ಮುಂಚೆಯೇ ಅಲೆಅಲೆಯಾಗಿ ಉಬ್ಬುತ್ತೆ. ಉಬ್ಬಿದ್ರೆ ಕಥೆ ಮುಗೀತು ಅಂತ ಅನ್ನಿಸೋದು ಸಹಜ.

ಮುಗಿದಿಲ್ಲ ಅಂತ ಮೊದಲು ಲೆಕ್ಕ ತೋರಿಸಿದ್ದು ವಿಮಾನದವರು. 1932ರಲ್ಲಿ ಥಿಯೋಡೋರ್ ವಾನ್ ಕಾರ್ಮನ್ ಮತ್ತು ಜೊತೆಗಾರರು ಹೇಳಿದ್ದು ಇಷ್ಟು: ತಗಡು ನಡುವೆ ಉಬ್ಬಿದ ಮೇಲೆ ನಡುಭಾಗ ಭಾರ ಹೊರೋದನ್ನ ಕಡಿಮೆ ಮಾಡುತ್ತೆ, ಅಂಚುಗಳು ಆ ಭಾರ ತಗೊಳ್ತವೆ. ಹಾಗಾಗಿ ನಡುವಿನ ಒಂದಷ್ಟು ಅಗಲ ಇಲ್ಲವೇ ಇಲ್ಲ ಅಂದ್ಕೊಂಡು, ಉಳಿದ ಅಗಲಕ್ಕೆ ಮಾತ್ರ ಲೆಕ್ಕ ಹಾಕಿ. ಇದೇ ಎಫೆಕ್ಟಿವ್ ವಿಡ್ತ್.

ಅದನ್ನ ಕಟ್ಟಡಕ್ಕೆ ತಂದವನು ಜಾರ್ಜ್ ವಿಂಟರ್. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಗೆ ಬಂದ. ಆಸ್ಟ್ರಿಯಾ ಹಿಟ್ಲರನ ಪಾಲಾದ ವರ್ಷ ಅದು. 1939ರಲ್ಲಿ ಅಮೆರಿಕನ್ ಐರನ್ ಅಂಡ್ ಸ್ಟೀಲ್ ಇನ್‌ಸ್ಟಿಟ್ಯೂಟ್ ದುಡ್ಡು ಕೊಟ್ಟಿತು, ಕಾರ್ನೆಲ್‌ನಲ್ಲಿ ತಗಡಿನ ತೊಲೆಗಳನ್ನ ಬಗ್ಗಿಸಿ, ಒತ್ತಿ ನೋಡೋ ಕೆಲಸ ಶುರುವಾಯ್ತು. ನಿಜವಾದ ತಗಡು ಪುಸ್ತಕದ ತಗಡಿನಷ್ಟು ನೆಟ್ಟಗಿರಲ್ಲ ಅನ್ನೋದನ್ನ ವಿಂಟರ್ ಸೂತ್ರದೊಳಗೇ ಸೇರಿಸಿದ. ಅದರ ಆಧಾರದ ಮೇಲೆ 1946ರಲ್ಲಿ ಮೊದಲ ನಿಯಮಾವಳಿ ಬಂತು. ಸೂತ್ರದಲ್ಲಿದ್ದ 0.25 ಅನ್ನೋ ಸಂಖ್ಯೆ, ವರ್ಷಗಳ ಅನುಭವದ ಮೇಲೆ ಮುಂದೆ 0.22 ಆಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಚಿಕ್ಕ ಪ್ಯಾಚ್. ಆದರೆ ಅದರ ಹಿಂದೆ ಅಷ್ಟು ವರ್ಷಗಳ ಟೆಸ್ಟಿಂಗ್ ಇತ್ತು. ನಾನು ಶೆಡ್ಡಿಗೆ ಮಾಡಿದ ಟೆಸ್ಟಿಂಗ್ ಅಂದ್ರೆ ಕೊನೆ ಸಾಲಿನ ಮೊತ್ತ ನೋಡಿದ್ದು.

ನನ್ನ ಎದೆಗೆ ತಟ್ಟಿದ್ದು ಇನ್ನೊಂದು ವಿಷಯ. ಭಾರತಕ್ಕೂ ಐಎಸ್ 801 ಅನ್ನೋ ನಿಯಮಾವಳಿ ಇದೆ. ಅದರ 1975ರ ಆವೃತ್ತಿಯಲ್ಲೂ ಎಫೆಕ್ಟಿವ್ ವಿಡ್ತ್ ಲೆಕ್ಕವೇ ಇರೋದು. ಪರ್ಲಿನ್‌ನ ಅಂಚನ್ನ ಗಟ್ಟಿ ಮಾಡೋಕೆ ತುದಿಯನ್ನ ಒಳಕ್ಕೆ ಮಡಚಿದ್ರೆ, ಆ ಮಡಿಕೆ ಏನಿಲ್ಲ ಅಂದ್ರೂ ತಗಡಿನ ದಪ್ಪದ 4.8 ಪಟ್ಟು ಇರಬೇಕು ಅಂತ ಅದರಲ್ಲಿದೆ. ಎರಡು ಮಿಲಿಮೀಟರ್ ತಗಡಿಗೆ 9.6 ಮಿಲಿಮೀಟರ್. ಕಿರುಬೆರಳಿನ ಅಗಲವೂ ಇಲ್ಲ. ಆ ತುಟಿ ಇಲ್ಲದಿದ್ರೆ ಅಂಚು ಗಾಳಿಗೆ ಬಿಟ್ಟ ಕಾಗದ.

ಊರಿಗೆ ಹೋಗಿ ತೋಟದಲ್ಲಿ ತಿರುಚಿ ಬಿದ್ದಿದ್ದ ಪರ್ಲಿನ್ ನೋಡಿದೆ. ತುಟಿ ಇರಲಿಲ್ಲ. ತುಟಿ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಗಾಳಿ ಸೂರನ್ನ ಮೇಲಕ್ಕೆಳೆದಾಗ ಪರ್ಲಿನ್‌ನ ಕೆಳ ಅಂಚಿಗೆ ಒತ್ತಡ ಬೀಳುತ್ತೆ, ಅದು ಪಕ್ಕಕ್ಕೆ ಹೊರಳದಂತೆ ಹಿಡಿಯೋ ಸ್ಯಾಗ್ ರಾಡೂ ಅಲ್ಲಿರಲಿಲ್ಲ. ಕೊಟೇಶನ್ ತೆಗೆದು ನೋಡಿದ್ರೆ, ಉಳಿದ ಇಬ್ಬರ ಕಾಗದದಲ್ಲಿ ಎರಡೂ ಇದ್ದವು. ನಾನು ಉಳಿಸಿದ ದುಡ್ಡು ಅದೇ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬೈಯಲಿಲ್ಲ. ಒಳಗಿಂದ ಅಮ್ಮನ ಹಳೇ ತಗಡಿನ ಮೊರ ತಂದು, ಸುತ್ತ ಮಡಚಿದ್ದ ಅಂಚಿನ ಮೇಲೆ ಬೆರಳಾಡಿಸಿ, "ಇದ್ನ ಮಾಡ್ದೋನ್ಗೂ ಗೊತ್ತಿತ್ತಲ್ಲೋ" ಅಂದ್ರು.

ಹೊಸ ಶೆಡ್ಡೂ ತಗಡಿನ ತೊಲೆಯದ್ದೇ. ಈ ಸಲ ಲೆಕ್ಕ ಹಾಕಿದ್ದು ಸಿವಿಲ್ ಓದಿದ ಗೆಳೆಯ. ಮಾಲು ಇಳಿದ ದಿನ ನಾನೂ ಊರಲ್ಲಿದ್ದೆ, ಟೇಪು ಹಿಡ್ಕೊಂಡು.