ಹೊರೆ ಕಳಚಿಕೊಂಡಾಗ: ಡೇಟಾ ಸೆಂಟರು ಮತ್ತು ವಿದ್ಯುತ್ ಜಾಲದ ಬಗ್ಗೆ ಒಂದು ಟಿಪ್ಪಣಿ

ಕೃತಕ ಬುದ್ಧಿಮತ್ತೆಗೆ ಬೇಕಾದ ವಿದ್ಯುತ್ತಿನ ಚರ್ಚೆ ಹೆಚ್ಚಾಗಿ ಪ್ರಮಾಣದ ಸುತ್ತಲೇ ನಡೆಯುತ್ತದೆ. ಜಗತ್ತಿನ ಡೇಟಾ ಸೆಂಟರುಗಳು 2024ರಲ್ಲಿ ಸುಮಾರು 415 ಟೆರಾವ್ಯಾಟ್-ಗಂಟೆ ಬಳಸಿದವು, 2030ಕ್ಕೆ ಅದು 945ರ ಆಸುಪಾಸಿಗೆ ಏರಬಹುದು ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಈ ಲೆಕ್ಕ ಬೇಕು. ಆದರೆ ಜಾಲವನ್ನು ಕಾಯುವ ಎಂಜಿನಿಯರುಗಳ ಆತಂಕ ಬೇರೆಯೂ ಇದೆ: ಈ ಹೊರೆ (ಜಾಲದ ಮೇಲಿನ ಬಳಕೆ) ಹೇಗೆ ವರ್ತಿಸುತ್ತದೆ?

2024ರ ಜುಲೈ 10ರ ಸಂಜೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ 230 ಕಿಲೋವೋಲ್ಟ್ ಮಾರ್ಗವೊಂದರ ಮಿಂಚುತಡೆ ಸಾಧನ ಕೆಟ್ಟಿತು. ಮಾರ್ಗ ತಾನಾಗಿ ಮತ್ತೆ ಮತ್ತೆ ಜೋಡಿಸಿಕೊಳ್ಳಲು ಯತ್ನಿಸಿದ್ದರಿಂದ 82 ಸೆಕೆಂಡುಗಳಲ್ಲಿ ಆರು ಬಾರಿ ದೋಷ ಮರುಕಳಿಸಿ, ಪ್ರತಿ ಸಲವೂ ವೋಲ್ಟೇಜ್ ಕ್ಷಣಮಾತ್ರ ಕುಸಿಯಿತು. ಒಂದೆರಡು ಕುಸಿತಗಳನ್ನು ಡೇಟಾ ಸೆಂಟರಿನ ಯುಪಿಎಸ್ ತಾಳಿಕೊಳ್ಳುತ್ತದೆ. ಒಂದು ನಿಮಿಷದೊಳಗೆ ಮೂರಾದರೆ, ಅನೇಕ ಕಡೆ ಅದು ಜಾಲವನ್ನೇ ಬಿಟ್ಟು ಬ್ಯಾಟರಿ, ಜನರೇಟರುಗಳಿಗೆ ಹೊರಳುತ್ತದೆ. ಆಮೇಲೆ ಯಾರಾದರೂ ಕೈಯಾರೆ ಜೋಡಿಸುವವರೆಗೆ ಹಿಂತಿರುಗುವುದಿಲ್ಲ. ಅಂದು ಸುಮಾರು 60 ಕೇಂದ್ರಗಳು ಹೀಗೆ ಕಳಚಿಕೊಂಡವು. ಸುಮಾರು 1,500 ಮೆಗಾವ್ಯಾಟ್ ಹೊರೆ ಒಮ್ಮೆಲೇ ಇಲ್ಲವಾಯಿತು.

ವಿದ್ಯುದಾಗಾರವೊಂದು ನಿಂತರೆ ಏನು ಮಾಡಬೇಕೆಂಬುದಕ್ಕೆ ಜಾಲದಲ್ಲಿ ಹಳೆಯ ಸಿದ್ಧತೆಯಿದೆ. ಇದು ಅದರ ತಿರುವುಮುರುವು. ಬಳಕೆಗಿಂತ ಉತ್ಪಾದನೆ ಹೆಚ್ಚಾಗಿ, 60 ಹರ್ಟ್ಜ್ ಇರಬೇಕಾದ ಆವರ್ತನ (ನಮ್ಮಲ್ಲಿ ಅದು 50) 60.047ಕ್ಕೆ ಏರಿತು, ವೋಲ್ಟೇಜ್ ಕೆಲವೆಡೆ ಶೇ. 7ರಷ್ಟು ಮೇಲೇರಿತು. ವೋಲ್ಟೇಜನ್ನು ಎತ್ತಿಹಿಡಿಯುವ ಕೆಪಾಸಿಟರುಗಳನ್ನು ತೆಗೆದುಹಾಕಿ ಅದನ್ನು ಇಳಿಸಬೇಕಾಯಿತು. ಜಾಲ ಬೀಳಲಿಲ್ಲ. ಆದರೆ ಕಳಚಿಕೊಂಡ ಹೊರೆ ಇನ್ನೂ ದೊಡ್ಡದಾಗಿದ್ದರೆ ಎಂಬುದೇ ಪ್ರಶ್ನೆ.

ಕಳಚಿಕೊಂಡ ಕೇಂದ್ರಗಳೆಲ್ಲ ಕೃತಕ ಬುದ್ಧಿಮತ್ತೆಯವೇ ಆಗಿದ್ದವು ಎಂದು ಈ ಘಟನೆಯಿಂದ ಹೇಳಲು ಬರುವುದಿಲ್ಲ. ಆದರೆ ಎಐ ತರಬೇತಿ ಈ ಸಮಸ್ಯೆಗೆ ಇನ್ನೊಂದು ಮುಖ ಕೊಟ್ಟಿದೆ. ಸಾವಿರಾರು ಚಿಪ್‌ಗಳು ಒಟ್ಟಿಗೆ ಲೆಕ್ಕ ಮಾಡಿ, ಪರಸ್ಪರ ಮಾಹಿತಿಗಾಗಿ ಒಟ್ಟಿಗೇ ಕಾಯುತ್ತವೆ. ಬಳಕೆಯೂ ಒಟ್ಟಿಗೇ ಏರಿಳಿಯುತ್ತದೆ. ಈ ಏರಿಳಿತ ಹತ್ತಾರು ಮೆಗಾವ್ಯಾಟ್ ತಲುಪುತ್ತದೆಂದು ಮೆಟಾ ಸಂಶೋಧಕರೇ 2024ರಲ್ಲಿ ಲಾಮಾ 3 ಮಾದರಿಯ ವರದಿಯಲ್ಲಿ ಬರೆದಿದ್ದಾರೆ. ಒಂದು ಊರಿನ ಮನೆಗಳು ಎಂದೂ ಹೀಗೆ ತಾಳಕ್ಕೆ ಸರಿಯಾಗಿ ಸ್ವಿಚ್ ಒತ್ತುವುದಿಲ್ಲ.

ಹಾಗಾಗಿ ಹೊಸ ವಿದ್ಯುದಾಗಾರ ಕಟ್ಟಿದರಷ್ಟೇ ಸಾಲದು ಎಂಬುದು ನನ್ನ ನಿಲುವು. ವೋಲ್ಟೇಜ್ ಕುಸಿದಾಕ್ಷಣ ಗಾಳಿಯಂತ್ರಗಳು ಜಾಲ ಬಿಡಬಾರದೆಂದು ಅಮೆರಿಕದ ಫೆಡರಲ್ ಇಂಧನ ನಿಯಂತ್ರಣ ಆಯೋಗ 2005ರಲ್ಲೇ ನಿಯಮ ಮಾಡಿತು. ಉತ್ಪಾದಕರ ಮೇಲಿರುವ ಈ ಹೊಣೆ ದೊಡ್ಡ ಬಳಕೆದಾರರ ಮೇಲೂ ಇರಬೇಕು. ಟೆಕ್ಸಾಸ್ 2025ರ ಕಾನೂನಿನಲ್ಲಿ 75 ಮೆಗಾವ್ಯಾಟ್ ಮೀರಿದ ಹೊಸ ಹೊರೆಗಳನ್ನು ತುರ್ತು ಸಂದರ್ಭದಲ್ಲಿ ಇಳಿಸುವ ಅವಕಾಶವನ್ನೇನೋ ಕಲ್ಪಿಸಿದೆ. ಆದರೆ ವರ್ಜೀನಿಯಾದ ತೊಡಕು ಹೊರೆ ಇಳಿಸುವುದರದ್ದಲ್ಲ, ಅಪ್ಪಣೆಯಿಲ್ಲದೆ ಇಳಿದದ್ದರದ್ದು. ಯುಪಿಎಸ್ ಎಷ್ಟು ಕುಸಿತ ಎಣಿಸಿದ ಮೇಲೆ ಜಾಲ ಬಿಡುತ್ತದೆ, ಯಾರ ಅನುಮತಿಯಿಂದ, ಯಾವ ವೇಗದಲ್ಲಿ ಮರಳುತ್ತದೆ ಎಂಬುದು ಸಂಪರ್ಕ ಒಪ್ಪಂದದಲ್ಲೇ ಬರೆದಿರಬೇಕು.