ಕಂಪನಿ ನಿಂತರೂ ಕಾರು ನಿಂತಿಲ್ಲ: ಅಂಬಾಸಿಡರ್ ಬಿಡಿಭಾಗಗಳ ಕಥೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಕಾಣುತ್ತದೆ. ಹುಣಸೆ ಮರದ ಕೆಳಗೆ ನಿಂತಿರುತ್ತದೆ, ಟೈರಿನಲ್ಲಿ ಗಾಳಿ ಇರುವುದಿಲ್ಲ, ಬಾನೆಟ್ ಮೇಲೆ ಕೋಳಿ ಕೂತಿರುತ್ತದೆ. ಒಂದು ಕಾಲಕ್ಕೆ ಊರಿನ ಮದುವೆ ಗಂಡು ಬಂದಿದ್ದು ಅದರಲ್ಲೇ, ಹೆರಿಗೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದು ಅದರಲ್ಲೇ, ಚುನಾವಣೆಗೆ ಮೈಕು ಕಟ್ಟಿದ್ದೂ ಅದಕ್ಕೇ. ಈಗ ಆ ಮನೆಗಳ ಹುಡುಗರು ‘ಅಜ್ಜನ ಕಾರು ಮತ್ತೆ ಓಡಿಸಬೇಕು’ ಅಂತ ಹೊರಟಿದ್ದಾರೆ. ಹೊರಟವರೆಲ್ಲ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಪಾರ್ಟ್ಸ್ ಯಾವುದು ಹಾಕಿಸೋದು?

ಗ್ಯಾರೇಜಿನಲ್ಲಿ ಕೇಳಿದರೆ ‘ಒರಿಜಿನಲ್ ಹಾಕಿಸಿ’ ಅನ್ನುತ್ತಾರೆ. ಕಾರು ಮಾಡುವುದನ್ನು ಕಂಪನಿಯೇ ನಿಲ್ಲಿಸಿರುವಾಗ ಒರಿಜಿನಲ್ ಅಂದರೆ ಏನು? ಅದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾರು ಒಂದು, ಕಾರ್ಖಾನೆ ಹಲವು

ಹಿಂದುಸ್ತಾನ್ ಮೋಟಾರ್ಸ್ ಹುಟ್ಟಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆ ಪಶ್ಚಿಮ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಶುರುವಿನಲ್ಲಿ ಅದು ಮಾಡುತ್ತಿದ್ದ ಕಾರುಗಳು ಹೆಚ್ಚಾಗಿ ಇಂಗ್ಲೆಂಡಿನ ಮಾರಿಸ್ ಕಂಪನಿಯ ನಮೂನೆಗಳು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿಯೇ 1957ರ ಸುಮಾರಿಗೆ ನಮ್ಮಲ್ಲಿ ಅಂಬಾಸಿಡರ್ ಆಯಿತು.

ಶುರುವಿನಲ್ಲಿ ಹೆಚ್ಚಿನ ಸಾಮಾನು ಹಡಗಿನಲ್ಲಿ ಬರುತ್ತಿತ್ತು. ಇಲ್ಲಿ ಆಗುತ್ತಿದ್ದದ್ದು ಜೋಡಣೆ. 1953ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ಕೇಂದ್ರ ಸರ್ಕಾರ ಗಟ್ಟಿ ತೀರ್ಮಾನ ಮಾಡಿತು. ಬಿಡಿಭಾಗಗಳನ್ನು ಇಲ್ಲೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಇಲ್ಲಿ ಜಾಗ ಅಂದಿತು. ಬರೀ ಜೋಡಿಸಿ ಮಾರುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು.

ಹಾಗಾಗಿ ಒಂದೊಂದು ಭಾಗಕ್ಕೂ ದೇಶದಲ್ಲೇ ಕಾರ್ಖಾನೆ ಎದ್ದಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್ ಮಾಡಿತು. ಮೈಕೋ ಲೇಔಟ್ ಅನ್ನುತ್ತೇವಲ್ಲ, ಅದೇ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಮದ್ರಾಸಿನಲ್ಲಿ ಇಂಡಿಯಾ ಪಿಸ್ಟನ್ಸ್ 1949ರಲ್ಲೇ ಬಂದಿತ್ತು. ವಿದ್ಯುತ್ ಭಾಗಗಳಿಗೆ ಲೂಕಾಸ್ ಟಿವಿಎಸ್ 1961ರಲ್ಲಿ, ಬ್ರೇಕಿಗೆ ಬ್ರೇಕ್ಸ್ ಇಂಡಿಯಾ 1962ರಲ್ಲಿ ಬಂದವು.

ಅಂದರೆ ನಮ್ಮ ದೇಶದ ಕಾರು ಯಾವತ್ತೂ ಒಂದೇ ಕಾರ್ಖಾನೆಯ ಕೂಸಲ್ಲ. ಹಾಗಾಗಿ ಪಾರ್ಟ್ ಕೊಳ್ಳುವಾಗ ಕಾರು ಕಂಪನಿಯ ಮುದ್ರೆ ಇರುವ ಡಬ್ಬಿ ಒಂದನ್ನೇ ಹುಡುಕುತ್ತಾ ಕೂರಬೇಕಿಲ್ಲ. ಆ ಭಾಗವನ್ನೇ ಕಸುಬು ಮಾಡಿಕೊಂಡ ತಯಾರಕನ ಹೆಸರು, ಪಾರ್ಟ್ ನಂಬರ್, ಅಂಗಡಿಯ ಪಕ್ಕಾ ಬಿಲ್ ಇದ್ದರೆ ಅದೂ ಒರಿಜಿನಲ್ಲೇ.

ಮುಖ ಅದೇ, ಹೊಟ್ಟೆ ಬೇರೆ

ಅಂಬಾಸಿಡರ್ 2014ರ ಮೇ ತಿಂಗಳವರೆಗೆ ತಯಾರಾಯಿತು. ಅಷ್ಟು ವರ್ಷವೂ ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಮೋಸ ಹೋಗುವುದು ಇಲ್ಲೇ. ಒಳಗೆ ಬೇಕಾದಷ್ಟು ಬದಲಾಗಿದೆ. ಮೊದಲಿನ ಸೈಡ್ ವಾಲ್ವ್ ಎಂಜಿನ್ ಹೋಗಿ 1959ರಲ್ಲಿ 1489 ಸಿಸಿಯ ಬಿ ಸೀರೀಸ್ ಎಂಜಿನ್ ಬಂತು. ಮುಂದೆ ಡೀಸೆಲ್ ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬಂತು. ಬಿ ಸೀರೀಸ್ ಎಂಜಿನ್ ಬಿಚ್ಚಲು ಇಂಚಿನ ಪಾನಾ ಬೇಕು, ಇಸುಜುಗೆ ಎಂಎಂ ಪಾನಾ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಸಾಲದ್ದಕ್ಕೆ ಎಷ್ಟೋ ಕಾರುಗಳಿಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದ್ದಾರೆ.

ಆದ್ದರಿಂದ ‘ಅಂಬಾಸಿಡರ್ ಪಾರ್ಟ್ ಕೊಡಿ’ ಅಂದರೆ ಸಾಲದು. ಆರ್‌ಸಿಯಲ್ಲಿರುವ ವರ್ಷ, ಎಂಜಿನ್ ಮೇಲಿನ ನಂಬರ್ ಬರೆದುಕೊಳ್ಳಿ. ಬಿಚ್ಚಿದ ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸದು ಎಂಜಿನ್ನಿಗೆ ಕೂತು ಓಡುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ.

ಯಾವುದಕ್ಕೆ ಯಾವುದು?

ಬೆಂಗಳೂರಿನ ಜೆಸಿ ರಸ್ತೆ, ಶಿವಾಜಿನಗರದಂಥ ಕಡೆ ಹುಡುಕಿದರೆ ಮೂರು ಬಗೆಯ ಮಾಲು ಎದುರಾಗುತ್ತದೆ. ಮೊದಲನೆಯದು ಅಂಗಡಿಯಲ್ಲೇ ಉಳಿದ ಹಳೇ ಸ್ಟಾಕು, ಎರಡನೆಯದು ಗುಜರಿ ಕಾರಿನಿಂದ ಬಿಚ್ಚಿದ್ದು, ಮೂರನೆಯದು ಈಗ ಹೊಸದಾಗಿ ಮಾಡಿದ್ದು. ಮೂರರಲ್ಲೂ ಒಳ್ಳೆಯದಿದೆ, ಮೂರರಲ್ಲೂ ಕೆಟ್ಟದ್ದಿದೆ.

ಬಾಗಿಲು, ಬಾನೆಟ್, ಹ್ಯಾಂಡಲ್, ಬಂಪರ್‌ಗೆ ಗುಜರಿಯ ಮಾಲು ಒಳ್ಳೆಯದು. ತುಕ್ಕು ತಿಂದಿರದ ಹಳೇ ತಗಡು ಸಿಕ್ಕರೆ ಬಿಡಬೇಡಿ. ಅದು ಅದೇ ಅಚ್ಚಿನಲ್ಲಿ ಬಂದದ್ದು, ಸಲೀಸಾಗಿ ಕೂರುತ್ತದೆ.

ಪಿಸ್ಟನ್, ಬೇರಿಂಗ್ ಅಳತೆಯ ಲೆಕ್ಕ. ಮೊದಲು ಬೋರ್ ಮತ್ತು ಕ್ರ್ಯಾಂಕ್ ಅಳತೆ ಮಾಡಿಸಿ, ಆಮೇಲೆ ಕೊಳ್ಳಿ. ಬೇರಿಂಗ್ ಬೆನ್ನ ಮೇಲೆ 10, 20, 30 ಅಂತ ನಂಬರ್ ಇರುತ್ತದೆ. ಅದು ಒಂದು ಇಂಚನ್ನು ಸಾವಿರ ಪಾಲು ಮಾಡಿದ ಲೆಕ್ಕ. ಡಬ್ಬಿಯ ಮೇಲಿನ ನಂಬರೂ ಒಳಗಿನ ನಂಬರೂ ಒಂದೇ ಇದೆಯೇ ಅಂತ ಅಂಗಡಿಯಲ್ಲೇ ತೆರೆದು ನೋಡಿ.

ರಬ್ಬರಿಗೆ ಮಾತ್ರ ಹಳೇ ಸ್ಟಾಕು ಬೇಡವೇ ಬೇಡ. ಕಬ್ಬಿಣ ಡಬ್ಬಿಯೊಳಗೆ ಎಣ್ಣೆ ಸವರಿಕೊಂಡು 30 ವರ್ಷ ಕೂತರೂ ಕೆಲಸಕ್ಕೆ ಬರುತ್ತದೆ. ರಬ್ಬರ್ ಕೂತಲ್ಲೇ ಒಣಗಿ ಬಿರುಕು ಬಿಡುತ್ತದೆ. ಹೋಸ್, ಬ್ರೇಕ್ ಕಪ್, ಪೆಟ್ರೋಲ್ ಪೈಪ್ ಎಲ್ಲವೂ ಹೊಸದಾಗಿ ತಯಾರಾದದ್ದೇ ಆಗಬೇಕು, ಡಬ್ಬಿ ಎಷ್ಟೇ ಹೊಳೆಯುತ್ತಿರಲಿ.

ಬ್ರೇಕಿನ ವಿಷಯದಲ್ಲಿ ಚೌಕಾಸಿ ಮಾಡಲೇಬೇಡಿ. ಹಳೇ ಮಾಡೆಲ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಲೈನು. ಎಲ್ಲೋ ಒಂದು ಕಡೆ ಕಪ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಆಗ ಉಳಿಯುವುದು ಕೈ ಬ್ರೇಕ್ ಒಂದೇ. ಬ್ರೇಕ್ ಆಯಿಲ್ ಮುಗಿದಿದೆ ಅಂತ ಎಂಜಿನ್ ಆಯಿಲ್ ಹುಯ್ದರೆ ಕಪ್‌ಗಳು ಊದಿಕೊಂಡು ಬ್ರೇಕ್ ಕೆಡುತ್ತದೆ. ಮದುವೆ ದಿಬ್ಬಣ ಕೂರಿಸಿಕೊಂಡು ಘಾಟಿ ಇಳಿಯುವ ಕಾರಿದು. ನಾನೂರು ಐನೂರು ಉಳಿಸುವ ಜಾಗ ಇದಲ್ಲ.

ಕಾನೂನೂ ಮೂಲ ರೂಪ ಕೇಳುತ್ತದೆ

ನಿಮ್ಮ ಕಾರಿಗೆ 50 ವರ್ಷ ದಾಟಿದ್ದರೆ ಇನ್ನೊಂದು ಮಾತು. 2021ರ ಕೇಂದ್ರ ನಿಯಮದ ಪ್ರಕಾರ ಅಂಥ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಅಂತ ಬರುತ್ತದೆ. ಬಾಡಿಗೆಗಾಗಲಿ ದಿನಬಳಕೆಗಾಗಲಿ ಓಡಿಸುವಂತಿಲ್ಲ. ಕಾರು ಮೂಲ ರೂಪದಲ್ಲೇ ಇರಬೇಕು; ಚಾಸಿ, ಬಾಡಿ, ಎಂಜಿನ್ ಭಾರಿ ಬದಲಾಗಿರಬಾರದು. ಹಾಗಾಗಿ ‘ಸಿಕ್ಕಿದ್ದು ಹಾಕಿ ಓಡಿಸೋಣ’ ಅಂತ ಬೇರೆ ಎಂಜಿನ್ ಕೂರಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಒಂದು ಸಲ ವಿಚಾರಿಸಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇವೆ. ನಿಮ್ಮ ತಾಲ್ಲೂಕಿನಲ್ಲಿ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್ ಯಾರಾದರೂ ಇದ್ದೇ ಇರುತ್ತಾರೆ. ಯಾವ ವರ್ಷದ ಗಾಡಿಗೆ ಯಾವ ನಂಬರ್ ಕೂರುತ್ತದೆ, ಯಾವ ಅಂಗಡಿಯ ಮಾಲು ಬಾಳಿಕೆ ಬಂತು ಅನ್ನುವುದು ಅವರ ಬಾಯಲ್ಲಿದೆ, ಎಲ್ಲೂ ಬರೆದಿಟ್ಟಿಲ್ಲ. ಪಾರ್ಟ್ ತರಲು ಬಸ್ ಹತ್ತುವ ಮುಂಚೆ ಒಂದು ಸಂಜೆ ಅವರ ಹತ್ತಿರ ಕೂತು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.